ಎರಡು ವರ್ಷದ ಮಗಳು ಮಾಂಸವನ್ನು ಅಗಿದು ಉಗಿಯುತ್ತಾಳೆ, ಬೇಳೆಯನ್ನೂ ಮುಟ್ಟುವುದಿಲ್ಲ: ಪ್ರೋಟೀನ್ ಹೇಗೆ ಕೊಡಬೇಕು?

ಪ್ರಶ್ನೆ: ಮದ್ದೂರಿನ ತಾಯಿ

ನನ್ನ ಮಗಳಿಗೆ ಈಗ ಎರಡು ವರ್ಷ ಎರಡು ತಿಂಗಳು. ಒಂದು ವರ್ಷದವರೆಗೆ ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದವಳು ಒಂದೂವರೆ ವರ್ಷ ದಾಟಿದ ಮೇಲೆ ಒಂದೊಂದೇ ಪದಾರ್ಥವನ್ನು ಬಿಡುತ್ತ ಬಂದು, ಈಗ ಮೊಸರನ್ನ, ಖಾಲಿ ದೋಸೆ, ಬಾಳೆಹಣ್ಣು, ಬಿಸ್ಕತ್ತು ಮತ್ತು ಹಾಲಿನಲ್ಲಿ ನಿಂತಿದ್ದಾಳೆ. ಹಾಲು ಮಾತ್ರ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಬೇಕು, ರಾತ್ರಿ ಎದ್ದಾಗಲೂ ಬಾಟಲಿ ಕೇಳುತ್ತಾಳೆ. ನಮ್ಮ ಮನೆಯಲ್ಲಿ ಭಾನುವಾರ ಮಟನ್ ಅಥವಾ ನಾಟಿಕೋಳಿ ಸಾರು ಇದ್ದೇ ಇರುತ್ತದೆ. ಮಾಂಸದ ಚೂರನ್ನು ಬಾಯಿಗಿಟ್ಟರೆ ಸ್ವಲ್ಪ ಹೊತ್ತು ಅಗಿದು, ಕೆನ್ನೆಯೊಳಗೆ ಇಟ್ಟುಕೊಂಡು, ಕೊನೆಗೆ ನಾರನ್ನೆಲ್ಲ ಉಗಿದುಬಿಡುತ್ತಾಳೆ. ಮೊಟ್ಟೆಯ ವಾಸನೆಗೇ ಮುಖ ತಿರುಗಿಸುತ್ತಾಳೆ. ಬೇಳೆ ಕಂಡರೆ ಅನ್ನದಿಂದ ಆರಿಸಿ ತಟ್ಟೆಯ ಅಂಚಿಗೆ ಇಡುತ್ತಾಳೆ.

ತೂಕ 10.8 ಕಿಲೋ ಇದೆ. ಆಟಪಾಟಕ್ಕೆ ಕೊರತೆಯಿಲ್ಲ, ಆದರೆ ಇತ್ತೀಚೆಗೆ ಸ್ವಲ್ಪ ಬಿಳಿಚಿಕೊಂಡಂತೆ ಕಾಣುತ್ತಾಳೆ. ನಮ್ಮ ಅತ್ತೆಯವರು, ಮಾಂಸ ತಿನ್ನದಿದ್ದರೆ ಕಾಲು ಸೂಪ್ ಕುಡಿಸಿದರೆ ಸಾಕು, ಸತ್ವವೆಲ್ಲ ಅದರಲ್ಲೇ ಇರುತ್ತದೆ ಎನ್ನುತ್ತಾರೆ. ಪಕ್ಕದ ಮನೆಯವರು ಪ್ರೋಟೀನ್ ಪುಡಿಯನ್ನು ಹಾಲಿಗೆ ಬೆರೆಸಲು ಹೇಳುತ್ತಾರೆ. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ: ತಾಲ್ಲೂಕು ಆಸ್ಪತ್ರೆಯ ಪಥ್ಯಾಹಾರ ವಿಭಾಗದಿಂದ

ನಿಮ್ಮ ಪ್ರಶ್ನೆ ಪ್ರೋಟೀನಿನ ಬಗ್ಗೆ ಇದೆ, ಆದರೆ ನೀವು ಕೊಟ್ಟ ವಿವರವನ್ನು ಓದಿದಾಗ ನನ್ನ ಗಮನ ಹೋದದ್ದು ಹಾಲಿನ ಪ್ರಮಾಣದ ಕಡೆಗೆ ಮತ್ತು ಕಬ್ಬಿಣಾಂಶದ ಕಡೆಗೆ.

ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಪ್ರೋಟೀನ್ ಸುಮಾರು 11ರಿಂದ 13 ಗ್ರಾಂ ಮಾತ್ರ. ನೂರು ಮಿಲಿಲೀಟರ್ ಹಾಲಿನಲ್ಲಿ ಮೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಇರುತ್ತದೆ. ಅಂದರೆ ಒಂದು ಲೀಟರ್ ಹಾಲು ಕುಡಿಯುವ ನಿಮ್ಮ ಮಗಳಿಗೆ ಬೇಕಾದುದರ ಎರಡು ಪಟ್ಟಿಗಿಂತ ಹೆಚ್ಚು ಪ್ರೋಟೀನ್ ಈಗಾಗಲೇ ಸಿಗುತ್ತಿದೆ. ಆದ್ದರಿಂದ ಪ್ರೋಟೀನ್ ಪುಡಿಯ ಅಗತ್ಯ ಖಂಡಿತ ಇಲ್ಲ. ಅಂಗಡಿಯಲ್ಲಿ ಮಕ್ಕಳಿಗೆಂದು ಮಾರುವ ಹಲವು ಪುಡಿಗಳಲ್ಲಿ ಸಕ್ಕರೆಯೇ ಗಣನೀಯ ಪ್ರಮಾಣದಲ್ಲಿರುತ್ತದೆ, ಅದು ಊಟದ ಹಸಿವನ್ನು ಇನ್ನಷ್ಟು ಕೊಲ್ಲುತ್ತದೆ.

ಹಾಗಾದರೆ ತೊಂದರೆ ಎಲ್ಲಿದೆ? ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾಗುವ ಶಕ್ತಿ ಸುಮಾರು ಸಾವಿರ ಕಿಲೋಕ್ಯಾಲರಿ. ಒಂದು ಲೀಟರ್ ಹಾಲಿನಿಂದಲೇ ಅದರ ಅರ್ಧಕ್ಕಿಂತ ಹೆಚ್ಚು ಬಂದುಬಿಡುತ್ತದೆ. ಹೊಟ್ಟೆ ತುಂಬಿದ ಮಗು ಅಗಿಯಬೇಕಾದ, ಪರಿಚಯವಿಲ್ಲದ ಪದಾರ್ಥವನ್ನು ಏಕೆ ಒಪ್ಪಿಕೊಳ್ಳಬೇಕು? ಇನ್ನೊಂದು ಕಡೆ, ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಮೇಲಾಗಿ ಅದರಲ್ಲಿರುವ ಕ್ಯಾಲ್ಸಿಯಂ ಊಟದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಹಾಲನ್ನೇ ನೆಚ್ಚಿಕೊಂಡ ಎರಡು ವರ್ಷದ ಮಕ್ಕಳಲ್ಲಿ ತೂಕ ಸರಿಯಾಗಿದ್ದರೂ ರಕ್ತಹೀನತೆ ಕಾಣಿಸುವುದಕ್ಕೆ ಇದೇ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಭಾರತೀಯ ಮಕ್ಕಳಲ್ಲಿ ಶೇಕಡಾ 67 ಮಂದಿಗೆ ರಕ್ತಹೀನತೆ ಇತ್ತು. ಬಿಳಿಚಿಕೊಂಡಿದ್ದಾಳೆ ಎಂದು ನೀವೇ ಬರೆದಿದ್ದೀರಿ. ಆದ್ದರಿಂದ ಮೊದಲು ಮಕ್ಕಳ ವೈದ್ಯರಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಎರಡು ವರ್ಷ ತುಂಬಿದ ಮಗುವಿಗೆ ಅದು ನೂರು ಮಿಲಿಲೀಟರ್ ರಕ್ತದಲ್ಲಿ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಪರಿಗಣಿಸುತ್ತಾರೆ. ಕೊರತೆ ಇದೆಯೆಂದು ಗೊತ್ತಾದರೆ ಆಹಾರವೊಂದರಿಂದಲೇ ಅದನ್ನು ತುಂಬಲಾಗುವುದಿಲ್ಲ, ಔಷಧ ಬೇಕಾಗುತ್ತದೆ. ಮಣ್ಣು, ಸುಣ್ಣ, ಸೀಮೆಸುಣ್ಣ ತಿನ್ನುವ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಹಾಲನ್ನು ಅರ್ಧ ಲೀಟರಿಗೆ ಇಳಿಸುವುದು ಮುಂದಿನ ಕೆಲಸ. ಮೊಸರನ್ನೂ ಆ ಲೆಕ್ಕದಲ್ಲೇ ಸೇರಿಸಿ.

ಕಾಲು ಸೂಪಿನ ವಿಷಯದಲ್ಲಿ ಹಿರಿಯರ ಕಾಳಜಿ ದೊಡ್ಡದು, ಆದರೆ ಕಬ್ಬಿಣಾಂಶವೂ ಸತುವೂ ಪ್ರೋಟೀನಿನ ಬಹುಭಾಗವೂ ಮಾಂಸದಲ್ಲೇ ಉಳಿಯುತ್ತವೆ, ನೀರಿಗೆ ಇಳಿಯುವುದು ಸ್ವಲ್ಪವೇ. ಸೂಪನ್ನು ರುಚಿಗಾಗಿ ಕೊಡಬಹುದು, ಮಾಂಸದ ಬದಲಿಗೆ ಎಂದು ಎಣಿಸಬಾರದು. ಮಾಂಸದಲ್ಲಿರುವ ಕಬ್ಬಿಣಾಂಶ ಸೊಪ್ಪು, ಕಾಳುಗಳದ್ದಕ್ಕಿಂತ ಸುಲಭವಾಗಿ ದೇಹಕ್ಕೆ ಸೇರುತ್ತದೆ, ಮತ್ತು ಅದೇ ತಟ್ಟೆಯಲ್ಲಿರುವ ಸೊಪ್ಪು, ಕಾಳಿನ ಕಬ್ಬಿಣಾಂಶವೂ ಹೆಚ್ಚು ಸೇರುವಂತೆ ಮಾಡುತ್ತದೆ. ಹೀಗಾಗಿ ಎರಡು ಚಮಚ ಕೈಮ ಕೂಡ ನಿಮ್ಮ ಮಗಳಿಗೆ ಬೆಲೆಯುಳ್ಳ ಆಹಾರವೇ. ಕೋಳಿಯಲ್ಲಿ ಎದೆಯ ಭಾಗಕ್ಕಿಂತ ತೊಡೆಯ ಮಾಂಸದಲ್ಲಿ ಕಬ್ಬಿಣಾಂಶ ಹೆಚ್ಚು, ಅದು ಮೆತ್ತಗೂ ಇರುತ್ತದೆ.

ಉತ್ತರ: ಮೈಸೂರಿನ ಅಡುಗೆಮನೆ

ಮೇಲಿನವರು ವೈದ್ಯಕೀಯ ವಿಷಯವನ್ನು ಹೇಳಿದ್ದಾರೆ. ನಾನು ಅಡುಗೆಯ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ಮಗಳಿಗೆ ಮಾಂಸದ ರುಚಿಯ ಬಗ್ಗೆ ತಕರಾರಿದ್ದಂತೆ ನನಗೆ ಕಾಣುವುದಿಲ್ಲ. ಅವಳು ಅಗಿಯುತ್ತಿದ್ದಾಳೆ, ರಸವನ್ನು ನುಂಗುತ್ತಿದ್ದಾಳೆ, ನಾರನ್ನು ಮಾತ್ರ ಉಗಿಯುತ್ತಿದ್ದಾಳೆ. ಎರಡನೆಯ ಜೊತೆ ದವಡೆ ಹಲ್ಲುಗಳು ಬರುವುದು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದ ನಡುವೆ. ಅವು ಪೂರ್ತಿ ಬರುವ ಮೊದಲು ನಾಟಿಕೋಳಿಯ ಗಟ್ಟಿ ಮಾಂಸವನ್ನು ಅರೆಯುವುದು ಆ ಪುಟ್ಟ ಬಾಯಿಗೆ ಆಗದ ಕೆಲಸ. ಉಗಿಯುವುದನ್ನು ಹಟವೆಂದು ತಿಳಿಯಬೇಡಿ.

ಇದಕ್ಕೆ ನಮ್ಮ ಕಡೆಯ ಅಡುಗೆಯಲ್ಲೇ ದಾರಿಯಿದೆ. ಕೈಮವನ್ನು ಅಂಗಡಿಯಲ್ಲಿ ಎರಡು ಸಲ ಯಂತ್ರಕ್ಕೆ ಹಾಕಿಸಿ ತನ್ನಿ. ಹುರಿಗಡಲೆ ಪುಡಿ, ತೆಂಗಿನ ತುರಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಚಿಟಿಕೆ ಅರಿಸಿನ ಮತ್ತು ಸ್ವಲ್ಪ ಉಪ್ಪು ಸೇರಿಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿ, ಖಾರ ಹಾಕುವ ಮೊದಲು ಎತ್ತಿಟ್ಟುಕೊಂಡ ಸಾರಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ಹುರಿಗಡಲೆ ರಸವನ್ನು ಹಿಡಿದಿಟ್ಟುಕೊಳ್ಳುವುದರಿಂದ ಉಂಡೆ ಮೆತ್ತಗಾಗುತ್ತದೆ. ಮಗುವಿಗೆ ಇಡಿಯಾಗಿ ಕೊಡದೆ ಬೆರಳಿನಿಂದ ಪುಡಿಮಾಡಿ ಕೊಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗುಂಡಗಿನ, ಗಟ್ಟಿಯಾದ ತುಂಡುಗಳು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ಇಡೀ ಕಡಲೆಕಾಯಿ ಬೀಜಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಅವಳು ದೋಸೆ ತಿನ್ನುತ್ತಾಳೆ ಎಂದಿರಿ. ಅದೇ ನಿಮಗೆ ಒಳ್ಳೆಯ ಆಸರೆ. ದೋಸೆಯ ಹಿಟ್ಟಿಗೆ ಒಂದು ಮೊಟ್ಟೆಯನ್ನು ಚೆನ್ನಾಗಿ ಕದಡಿ, ತುಪ್ಪದಲ್ಲಿ ಎರಡೂ ಕಡೆ ಬೇಯಿಸಿದರೆ ವಾಸನೆ ಹೆಚ್ಚು ತಿಳಿಯುವುದಿಲ್ಲ. ಬೆಂದ ಮೊಟ್ಟೆಯ ವಾಸನೆಯನ್ನು ದ್ವೇಷಿಸುವ ಮಕ್ಕಳು ಇದನ್ನು ಸಲೀಸಾಗಿ ತಿನ್ನುವುದುಂಟು. ನೆನೆಸಿದ ಹೆಸರುಬೇಳೆಯನ್ನು ಅಕ್ಕಿಯ ಜೊತೆ ರುಬ್ಬಿದ ದೋಸೆ, ಕೈಮವನ್ನು ತೆಳುವಾಗಿ ಹರಡಿದ ದೋಸೆ, ಹೀಗೆ ಅವಳಿಗೆ ಗೊತ್ತಿರುವ ತಿನಿಸಿನಿಂದಲೇ ಒಂದೊಂದು ಹೆಜ್ಜೆ ಮುಂದೆ ಹೋಗಿ. ಆದರೆ ಎಲ್ಲವನ್ನೂ ಬಚ್ಚಿಟ್ಟು ತಿನ್ನಿಸುವುದನ್ನು ನಾನು ಒಪ್ಪುವುದಿಲ್ಲ. ಮಗುವಿಗೆ ಗೊತ್ತಾದ ದಿನ ನೆಚ್ಚಿನ ದೋಸೆಯ ಮೇಲೂ ನಂಬಿಕೆ ಹೋಗುತ್ತದೆ. ದೋಸೆಯೊಳಗೆ ಸ್ವಲ್ಪ ಇದ್ದರೆ, ತಟ್ಟೆಯ ಪಕ್ಕದಲ್ಲಿ ಕಣ್ಣಿಗೆ ಕಾಣುವಂತೆ ಒಂದು ಚಿಟಿಕೆಯಷ್ಟೂ ಇರಲಿ, ಮುಟ್ಟಿದರೂ ಸರಿ, ಬಿಟ್ಟರೂ ಸರಿ.

ಉತ್ತರ: ಉಡುಪಿಯ ಓದುಗರು

ಮಾಂಸಕ್ಕಿಂತ ಮೀನಿನಿಂದ ಶುರುಮಾಡಿ ನೋಡಿ. ನಮ್ಮಲ್ಲಿ ಪುಟ್ಟ ಮಕ್ಕಳಿಗೆ ಕಾಣೆ ಮೀನನ್ನು ಕೊಡುವ ರೂಢಿಯಿದೆ, ಅದರ ಮಾಂಸ ಬಹಳ ಮೃದು, ನಡುವಿನ ಮುಳ್ಳನ್ನು ಎಳೆದರೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಬೂತಾಯಿ, ಬಂಗುಡೆಗಳೂ ಪೌಷ್ಟಿಕವೇ, ಬೆಲೆಯೂ ಕಡಿಮೆ, ಆದರೆ ಮುಳ್ಳು ಹೆಚ್ಚು. ಬೆಳಕಿನಲ್ಲಿ ಕುಳಿತು ಬೆರಳಿನಿಂದ ಎರಡು ಸಲ ಒತ್ತಿ ನೋಡಿದ ಮೇಲೆಯೇ ಮಗುವಿನ ತಟ್ಟೆಗೆ ಹಾಕಬೇಕು. ಶಾರ್ಕ್‌ನಂಥ ದೊಡ್ಡ ಬೇಟೆಗಾರ ಮೀನುಗಳಲ್ಲಿ ಪಾದರಸ ಹೆಚ್ಚಿರುವುದರಿಂದ ಅವು ಮಕ್ಕಳಿಗೆ ಬೇಡ. ಮನೆಯಲ್ಲಿ ಯಾರಿಗಾದರೂ ಮೀನಿನ ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಿ.

ಉತ್ತರ: ಧಾರವಾಡದ ತಂದೆ

ನಮ್ಮದು ಸಸ್ಯಾಹಾರಿ ಮನೆ, ಆದರೂ ನಿಮ್ಮ ಪ್ರಶ್ನೆಯ ಬೇಳೆಯ ಭಾಗಕ್ಕೆ ಉತ್ತರಿಸಬೇಕೆನಿಸಿತು. ಸೂಪಿಗೆ ಹೇಳಿದ ಮಾತು ಬೇಳೆಯ ಕಟ್ಟಿಗೂ ಸಲ್ಲುತ್ತದೆ. ಕಟ್ಟಿನ ಸಾರು, ತಿಳಿಸಾರು ಹಾಕಿ ಅನ್ನ ಕಲಸಿದರೆ ಮಗುವಿಗೆ ಸಿಗುವುದು ಹೆಚ್ಚಾಗಿ ನೀರು. ತಳದಲ್ಲಿ ಉಳಿಯುವ ಗಟ್ಟಿ ಬೇಳೆಯೇ ಮಗುವಿನ ಪಾಲಾಗಬೇಕು. ಆರಿಸಿ ಪಕ್ಕಕ್ಕಿಡುವ ಮಗುವಿಗೆ ತೊಗರಿಬೇಳೆಯನ್ನು ಅನ್ನದ ಜೊತೆಯಲ್ಲೇ ಹುಗ್ಗಿಯಂತೆ ಬೇಯಿಸಿ, ಕಡೆದು, ತುಪ್ಪ ಹಾಕಿ ಕೊಟ್ಟರೆ ಆರಿಸಲು ಏನೂ ಉಳಿಯುವುದಿಲ್ಲ. ಹುರಿದು ನುಣ್ಣಗೆ ಪುಡಿಮಾಡಿದ ಶೇಂಗಾವನ್ನು ಬಾಳೆಹಣ್ಣಿನ ಜೊತೆ ಕಿವುಚಿ ಕೊಡಬಹುದು. ಕಾಳುಗಳನ್ನು ಮೊಳಕೆ ಬರಿಸಿದರೆ ಅವುಗಳ ಕಬ್ಬಿಣಾಂಶ ಹೆಚ್ಚು ಒದಗುತ್ತದೆ, ರಾಗಿಗೂ ಹಾಗೆಯೇ. ಊಟಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು ಅಥವಾ ಊಟದ ಜೊತೆ ಮೆತ್ತಗಿನ ಸೀಬೆಹಣ್ಣನ್ನು ಬೀಜ ತೆಗೆದು ಕೊಡುವುದೂ ಅದಕ್ಕೆ ನೆರವಾಗುತ್ತದೆ, ಸಿ ವಿಟಮಿನ್ ಇದ್ದರೆ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ಸೇರುತ್ತದೆ. ಚಹಾ ಮಾತ್ರ ಮಗುವಿಗೆ ಬೇಡವೇ ಬೇಡ.

ಇನ್ನೊಂದು ಮಾತು. ಎರಡನೆಯ ವರ್ಷದಲ್ಲಿ ಬೆಳವಣಿಗೆಯ ವೇಗ ತಾನಾಗಿ ಇಳಿಯುತ್ತದೆ. ಮೊದಲ ವರ್ಷದಲ್ಲಿ ಹುಟ್ಟಿದಾಗಿನ ತೂಕದ ಮೂರರಷ್ಟಾಗುವ ಮಗು ಎರಡನೆಯ ವರ್ಷದಲ್ಲಿ ಎರಡೂವರೆ ಕಿಲೋ ಹೆಚ್ಚಿದರೂ ಸಾಕು. ಹಸಿವು ಇಳಿಯುವುದು, ಹೊಸ ಪದಾರ್ಥವನ್ನು ಅನುಮಾನಿಸುವುದು ಎರಡೂ ಈ ವಯಸ್ಸಿನ ಲಕ್ಷಣಗಳೇ. ಒಂದು ಪದಾರ್ಥವನ್ನು ಹತ್ತು ಹದಿನೈದು ಬಾರಿ ನೋಡಿ, ಮುಟ್ಟಿ, ನೆಕ್ಕಿದ ಮೇಲೆ ನುಂಗುವ ಮಕ್ಕಳು ಎಷ್ಟೋ ಮಂದಿ. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದನ್ನು ದೊಡ್ಡವರು ನಿರ್ಧರಿಸಲಿ, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ. ಮೂಗು ಹಿಡಿದು ತುರುಕುವುದು, ಮೊಬೈಲ್ ತೋರಿಸಿ ಅರಿವಿಲ್ಲದಂತೆ ತಿನ್ನಿಸುವುದು, "ಇದನ್ನು ತಿಂದರೆ ಚಾಕೊಲೇಟ್" ಎನ್ನುವುದು, ಈ ಮೂರನ್ನೂ ನಮ್ಮ ಮನೆಯಲ್ಲಿ ನಿಲ್ಲಿಸಿದ್ದೇವೆ. ದೊಡ್ಡವರ ಜೊತೆ ನೆಲದ ಮೇಲೆ ಕೂರಿಸಿ, ಅವಳದೇ ಪುಟ್ಟ ತಟ್ಟೆ ಕೊಟ್ಟು, ಇಪ್ಪತ್ತು ನಿಮಿಷವಾದ ಮೇಲೆ ಮಾತಿಲ್ಲದೆ ತಟ್ಟೆ ಎತ್ತುವುದು ಕೇಳಲು ಸರಳ, ಆದರೆ ಅಜ್ಜಿಯರು ಇರುವ ಮನೆಯಲ್ಲಿ ಇದಕ್ಕೆ ಬಹಳ ತಾಳ್ಮೆ ಬೇಕು.

ಮರುಪ್ರಶ್ನೆ: ಮದ್ದೂರಿನ ತಾಯಿ

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದಗಳು. ಸೋಮವಾರ ರಕ್ತ ಪರೀಕ್ಷೆ ಮಾಡಿಸುತ್ತೇವೆ. ಎರಡು ಸಂದೇಹಗಳಿವೆ. ರಾತ್ರಿಯ ಹಾಲನ್ನು ಒಮ್ಮೆಲೇ ನಿಲ್ಲಿಸಬೇಕೇ? ಕಬ್ಬಿಣಾಂಶಕ್ಕಾಗಿ ಕುರಿಯ ಈಲಿಯನ್ನು ದಿನವೂ ಕೊಡಬಹುದೇ? ಅದು ಮೆತ್ತಗಿರುವುದರಿಂದ ಅವಳು ನುಂಗಬಹುದು ಎನಿಸುತ್ತದೆ.

ಉತ್ತರ: ತಾಲ್ಲೂಕು ಆಸ್ಪತ್ರೆಯ ಪಥ್ಯಾಹಾರ ವಿಭಾಗದಿಂದ

ಒಮ್ಮೆಲೇ ನಿಲ್ಲಿಸಬೇಡಿ. ರಾತ್ರಿಯ ಬಾಟಲಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬಂದು, ಕೊನೆಗೆ ನೀರು ಕೊಡಿ. ಹಲ್ಲಿನ ಹುಳುಕು ತಪ್ಪುವುದಕ್ಕೂ ಇದು ಅಗತ್ಯ. ಹಗಲಿನ ಹಾಲನ್ನು ಬಾಟಲಿಯಿಂದ ಲೋಟಕ್ಕೆ ಬದಲಾಯಿಸಿ, ಊಟಕ್ಕೆ ಮೊದಲು ಕೊಡದೆ ಊಟದ ನಡುವಿನ ಹೊತ್ತಿಗೆ ಇಟ್ಟುಕೊಳ್ಳಿ. ಊಟಕ್ಕೆ ಎರಡು ಗಂಟೆ ಮೊದಲು ಹಾಲು, ಬಿಸ್ಕತ್ತು ಯಾವುದೂ ಹೊಟ್ಟೆಗೆ ಹೋಗದಿದ್ದರೆ ತಟ್ಟೆಯ ಮುಂದೆ ಕೂರುವ ಮಗುವೇ ಬೇರೆಯಾಗಿರುತ್ತದೆ.

ಈಲಿಯಲ್ಲಿ ಕಬ್ಬಿಣಾಂಶ ಸಮೃದ್ಧವಾಗಿದೆ, ಆದರೆ ಎ ವಿಟಮಿನ್ ಅತಿಯಾಗಿರುವುದರಿಂದ ದಿನವೂ ಬೇಡ. ವಾರಕ್ಕೆ ಒಂದು ಸಲ, ಒಂದೆರಡು ಚಮಚದಷ್ಟು, ಪೂರ್ತಿ ಬೇಯಿಸಿ, ಕಿವುಚಿ ಅನ್ನಕ್ಕೆ ಬೆರೆಸಿ ಕೊಡಿ. ಉಳಿದ ದಿನಗಳಲ್ಲಿ ಕೈಮ, ಮೀನು, ಮೊಟ್ಟೆ ಸೇರಿಸಿದ ದೋಸೆ, ಗಟ್ಟಿ ಬೇಳೆ, ಇವುಗಳಲ್ಲಿ ಯಾವುದಾದರೂ ದಿನಕ್ಕೆ ಎರಡು ಹೊತ್ತು ತಟ್ಟೆಯಲ್ಲಿರಲಿ.

ಜಂತುಹುಳುವಿನ ಮಾತ್ರೆ ಕಳೆದ ಆರು ತಿಂಗಳಲ್ಲಿ ಕೊಡಿಸಿಲ್ಲದಿದ್ದರೆ ಅಂಗನವಾಡಿಯಲ್ಲಿ ವಿಚಾರಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಕೊಡುವ ಕಬ್ಬಿಣಾಂಶದ ಸಿರಪ್ ಕೂಡ ಸರ್ಕಾರದ ಕಾರ್ಯಕ್ರಮದಲ್ಲಿ ಉಚಿತವಾಗಿದೆ. ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ವೈದ್ಯರು ಬೇರೆ ಪ್ರಮಾಣ ಬರೆದುಕೊಟ್ಟರೆ ಅದನ್ನೇ ಅನುಸರಿಸಿ, ಎರಡನ್ನೂ ಒಟ್ಟಿಗೆ ಕೊಡಬೇಡಿ. ಸಿರಪ್ಪನ್ನು ಹಾಲಿನ ಜೊತೆ ಕೊಡಬಾರದು. ಅದನ್ನು ಕೊಡಲು ಶುರುಮಾಡಿದ ಮೇಲೆ ಮಲ ಕಪ್ಪಾದರೆ ಗಾಬರಿಯಾಗಬೇಡಿ. ವರದಿ ಬಂದ ಮೇಲೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಇಲ್ಲಿ ಬರೆಯಿರಿ, ಅದನ್ನು ನೋಡಿಕೊಂಡು ವಾರದ ಊಟದ ಪಟ್ಟಿಯೊಂದನ್ನು ಬರೆದುಕೊಡುತ್ತೇನೆ.