ಜಪಾನೀ ತೋಟದ ‘ತೋರೋ’ಗೆ ಕನ್ನಡ ಪದ ಬೇಕಾಗಿದೆ

ಮಾನ್ಯರೇ,
ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನೊಳಗಿರುವ ಜಪಾನೀ ಟೀ ಗಾರ್ಡನ್ ನೋಡಲು ಊರಿನಿಂದ ಬರುವ ಹಿರಿಯರಿಗಾಗಿ ನಾವು ಕೆಲವರು ಕನ್ನಡದಲ್ಲಿ ಕಿರುಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದು, ಅದು ಶುಕ್ರವಾರ ಅಚ್ಚಿಗೆ ಹೋಗಬೇಕಾಗಿದೆ. 1894ರ ವಸ್ತುಪ್ರದರ್ಶನಕ್ಕಾಗಿ ರೂಪುಗೊಂಡ ಈ ತೋಟದ ಕಮಾನುಸೇತುವೆ, ಕೊಳ, ಚಹಾಮನೆಗಳ ಬಗ್ಗೆ ತೊಡಕಿಲ್ಲ. ದಾರಿಬದಿಯಲ್ಲೂ ನೀರಿನಂಚಿನಲ್ಲೂ ನಿಲ್ಲಿಸಿರುವ, ಮೇಲೆ ಮಾಡು, ಅದರ ಕೆಳಗೆ ದೀಪವಿಡಲು ಕಿಂಡಿಗಳುಳ್ಳ ಗೂಡು ಇರುವ ‘ತೋರೋ’ಗಳಿಗೆ ಏನೆನ್ನಬೇಕು? ಕರಡಿನಲ್ಲಿ ‘ದೀಪಸ್ತಂಭ’ ಎಂದಿದೆ.

ಉತ್ತರ 1
‘ದೀಪಸ್ತಂಭ’ ಬೇಡ, ಎರಡು ತುಂಡೂ ಸಂಸ್ಕೃತ. ದೀಪವೆಂಬ ಅರ್ಥದ ಹಳಗನ್ನಡದ ‘ಸೊಡರ್’ ನಮ್ಮದೇ ಪದ, ‘ಸುಡು’ವಿನ ಬಳಗದ್ದು, ತಮಿಳಿನ ‘ಸುಡರ್’ ಅದರ ಒಡಹುಟ್ಟು. ‘ಕಲ್ಲುಸೊಡರು’ ಎಂದು ಅಚ್ಚು ಹಾಕಿಸಿ.

ಉತ್ತರ 2
‘ಕಲ್ಲುಸೊಡರು’ ಸಲ್ಲದು. ಜಪಾನಿನ ಮಕ್ಕಳು ಕೂಡಿಸಿ ಕೊಟ್ಟ ಹಣದಿಂದ ಮಾಡಿಸಿ, 1953ರಲ್ಲಿ ಅದೇ ತೋಟದಲ್ಲಿ ನಿಲ್ಲಿಸಿದ, ಸುಮಾರು 9,000 ಪೌಂಡ್ ತೂಕದ ಶಾಂತಿದೀಪ ಕಂಚಿನದು. ಆದ್ದರಿಂದ ಕಲ್ಲು ವಿಶೇಷಣವಾಗಬಹುದೇ ಹೊರತು ಹೆಸರಿನ ಭಾಗವಾಗಲಾರದು. ‘ದೀಪಸ್ತಂಭ’ ಎಂದರೆ ನಮ್ಮ ಹಿರಿಯರ ಕಣ್ಣಿಗೆ ಬರುವುದು ದೇವಸ್ಥಾನದ ಮುಂದಿನ ಎತ್ತರದ ಕಂಬ, ಇಲ್ಲವೇ ಕಡಲತೀರದ ದೀಪಗೃಹ.

ಮೂಲಪದವನ್ನೇ ಬಿಡಿಸಿ ನೋಡಬೇಕು: ‘ತೋ’ ಎಂದರೆ ದೀಪ, ‘ರೋ’ ಎಂದರೆ ಬುಟ್ಟಿ ಅಥವಾ ಪಂಜರ. ಇದಕ್ಕೆ ಹೊಸ ಪದ ಕಟ್ಟುವ ಅಗತ್ಯವೇ ಇಲ್ಲ. ದೀಪಾವಳಿಗೆ ನಮ್ಮ ಕರಾವಳಿಯವರು ಮನೆಮುಂದೆ ತೂಗುಹಾಕುವ ‘ಗೂಡುದೀಪ’, ಉತ್ತರ ಕರ್ನಾಟಕದವರ ‘ಆಕಾಶಬುಟ್ಟಿ’ ಎರಡರಲ್ಲೂ ಅದೇ ಕಲ್ಪನೆ, ಹೆಚ್ಚುಕಡಿಮೆ ಅವೇ ಪದಗಳಲ್ಲಿ, ಉಳಿದು ಬಂದಿದೆ. ತೂಗುವುದಕ್ಕೆ ಹೇಳುವ ಹೆಸರು ನಿಂತಿರುವುದಕ್ಕೆ ಒಪ್ಪದು ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಜಪಾನಿನ ನಾರಾ ನಗರದ ಕಸುಗ ದೇಗುಲದಲ್ಲಿ ಕಲ್ಲಿನವು ದಾರಿಯುದ್ದಕ್ಕೂ ನಿಂತಿದ್ದರೆ ಕಂಚಿನವು ಸೂರಿನಿಂದ ತೂಗುತ್ತಿವೆ, ಜಪಾನೀಯರು ಎರಡನ್ನೂ ತೋರೋ ಎಂದೇ ಕರೆಯುತ್ತಾರೆ. ‘ಗೂಡುದೀಪ’ ಎಂದು ಬರೆಯಿರಿ.

ಉತ್ತರ 1, ಮತ್ತೊಮ್ಮೆ
ಅದರಲ್ಲೂ ‘ದೀಪ’ ನುಸುಳಿದೆ. ‘ಸೊಡರುಗೂಡು’ ಎನ್ನಲು ಅಡ್ಡಿಯೇನು? ಇರುವ ಪದವನ್ನು ಬಳಸದೆ ಬಿಟ್ಟರೆ ಅದು ನಿಘಂಟಿನಲ್ಲೇ ಕೊಳೆಯುತ್ತದೆ.

ಉತ್ತರ 2, ಮತ್ತೊಮ್ಮೆ
ಅಡ್ಡಿ ಓದುಗರದು. ಕೈಪಿಡಿ ಹಿಡಿದು ನಡೆಯುವವರು ನಿಘಂಟು ತೆರೆಯುವುದಿಲ್ಲ. ಮನೆಮಾತಿನಲ್ಲಿ ನೂರಾರು ವರ್ಷ ಸವೆದ ‘ದೀಪ’ವನ್ನು ಎರವಲೆಂದು ಹೊರಗಿಡುವ ವಾದವನ್ನು ನಾನು ಒಪ್ಪುವುದಿಲ್ಲ.

ಎರವಲಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ಈ ತೋಟವನ್ನು ದಶಕಗಳ ಕಾಲ ಬೆಳೆಸಿದ ಜಪಾನೀ ಮೂಲದ ಹಾಗಿವಾರಾ ಮನೆತನದವರನ್ನು ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಅಲ್ಲಿಂದ ಎಬ್ಬಿಸಿ ಬಂಧನ ಶಿಬಿರಕ್ಕೆ ಕಳುಹಿಸಲಾಯಿತು. ತೋಟದ ಹೆಸರಿನಿಂದ ‘ಜಪಾನೀ’ ಎಂಬ ಮಾತನ್ನೂ ತೆಗೆದುಹಾಕಿದರು. ಅದು ಮರಳಿದ್ದು 1952ರಲ್ಲಿ. ಅಂಥ ಜಾಗದ ಕೈಪಿಡಿಯಿಂದ ಕನ್ನಡದ ಹೆಸರಿನಲ್ಲಿ ಜಪಾನೀ ಪದಗಳನ್ನು ನಾವು ಅಳಿಸಬಾರದು. ಮೊದಲು ‘ತೋರೋ’, ಅದರ ಪಕ್ಕದಲ್ಲಿ ‘ಕಲ್ಲಿನ ಗೂಡುದೀಪ’. 1953ರದ್ದಕ್ಕೆ ‘ಶಾಂತಿಯ ಗೂಡುದೀಪ’.