ಮೂರು ವರ್ಷದ ಹಳೆಯ ಟಿವಿಯಲ್ಲಿ ಈಗ ಜಾಹೀರಾತು: ಇದು ನನ್ನ ಟಿವಿಯೋ, ಅವರದೋ?

ರಸೀದಿರಾಯ:
ಮೂರು ವರ್ಷಗಳ ಹಿಂದೆ ಒಂದು ಸ್ಮಾರ್ಟ್ ಟಿವಿ ಕೊಂಡೆ. ಕೊಳ್ಳುವ ಮುನ್ನ ಎಂಟು ವಿಮರ್ಶೆಗಳನ್ನು ಓದಿದ್ದೆ. (ನಾನು ಅಂಥ ಮನುಷ್ಯ. ರಸೀದಿಯ ಜೊತೆಗೆ ಪೆಟ್ಟಿಗೆಯ ಮೇಲಿನ ಬರಹದ ಫೋಟೊವನ್ನೂ ತೆಗೆದಿಡುತ್ತೇನೆ.) ಎಂಟರಲ್ಲೂ ಒಂದೇ ಮಾತು: ಮುಖಪುಟ ಅಚ್ಚುಕಟ್ಟಾಗಿದೆ, ರಗಳೆಯಿಲ್ಲ. ಅದು ನಿಜವೂ ಆಗಿತ್ತು.

ಕಳೆದ ತಿಂಗಳು ಒಂದು ರಾತ್ರಿ ಟಿವಿ ತಾನಾಗಿಯೇ ಅಪ್‌ಡೇಟ್ ಆಯಿತು. ಬೆಳಿಗ್ಗೆ ಹಾಕಿದರೆ ಪರದೆಯ ಅರ್ಧ ಭಾಗವನ್ನು ಒಂದು ಕಾರು ಆಕ್ರಮಿಸಿದೆ. ಅದಕ್ಕೂ ಮೊದಲು ಹೊಸ ಷರತ್ತುಗಳ ಪುಟವೊಂದು ಬಂದಿತ್ತು. ‘ಒಪ್ಪುತ್ತೇನೆ’ ಎಂಬುದು ಅಂಗೈಯಗಲ, ‘ಆಮೇಲೆ’ ಎಂಬುದು ಬೂದುಬಣ್ಣದಲ್ಲಿ ಮೂಲೆಗೆ. ‘ಒಪ್ಪುವುದಿಲ್ಲ’ ಎಂಬುದನ್ನು ಹುಡುಕಿದೆ, ಸಿಗಲಿಲ್ಲ. ಸಹಾಯವಾಣಿಗೆ ಕರೆ ಮಾಡಿದೆ. “ಅದು ಜಾಹೀರಾತಲ್ಲ ಸರ್, ಶಿಫಾರಸು” ಎಂದರು. ಕಾರು ಕೊಳ್ಳುವಂತೆ ನನ್ನ ಟಿವಿ ನನಗೆ ಶಿಫಾರಸು ಮಾಡುತ್ತಿದೆಯಂತೆ!

ಇದನ್ನು ನಿಲ್ಲಿಸುವ ದಾರಿ ಯಾರಿಗಾದರೂ ಗೊತ್ತೇ? ಇನ್ನೊಂದು ಪ್ರಶ್ನೆ: ಆ ಎಂಟು ವಿಮರ್ಶಕರಲ್ಲಿ ಒಬ್ಬರೂ ತಿರುಗಿ ಬಂದು ನೋಡಿಲ್ಲವೇಕೆ? ಅವರ ಹೊಗಳಿಕೆ ಇಂದಿಗೂ ಹಾಗೆಯೇ ಇದೆ, ಕೆಳಗೆ ‘ಇಲ್ಲಿ ಕೊಳ್ಳಿ’ ಎಂಬ ಕೊಂಡಿ ಸಮೇತ.

ಬೆಸುಗೆ:
ಕಾರು ಕಣ್ಣಿಗೆ ಕಾಣುತ್ತದೆ, ಕಾಣದ್ದರ ಕಡೆಗೆ ಮೊದಲು ಗಮನ ಕೊಡಿ. ಸೆಟ್ಟಿಂಗ್ಸ್‌ನಲ್ಲಿ ‘ವೀಕ್ಷಣೆಯ ಮಾಹಿತಿ’ ಎಂಬಂಥ ಹೆಸರಿನಲ್ಲಿ ಎಸಿಆರ್ (ಆಟೊಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್) ಅಡಗಿರುತ್ತದೆ. ಪರದೆಯ ಮೇಲಿರುವ ಚಿತ್ರದ ಚೂರುಗಳನ್ನು ಆಗಾಗ ತೆಗೆದು, ದೂರದ ಸರ್ವರ್‌ನಲ್ಲಿರುವ ಸಂಗ್ರಹದೊಡನೆ ಹೋಲಿಸಿ, ನೀವು ಏನು ನೋಡುತ್ತಿದ್ದೀರೆಂದು ಅದು ಪತ್ತೆ ಮಾಡುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಬೇರೆ ಪೆಟ್ಟಿಗೆ ಜೋಡಿಸಿದರೂ ಎಷ್ಟೋ ಟಿವಿಗಳಲ್ಲಿ ಇದು ನಡೆಯುತ್ತದೆ.

ಅಮೆರಿಕದ ವಿಝಿಯೊ ಕಂಪನಿ ಒಂದು ಕೋಟಿ ಹತ್ತು ಲಕ್ಷ ಟಿವಿಗಳಿಂದ ಹೀಗೆ ಮಾಹಿತಿ ಎತ್ತಿದ ಆರೋಪಕ್ಕೆ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಪಾಠ ಕಲಿಯಿತು ಎಂದುಕೊಂಡಿರಾ? 2021ರ ಮೂರನೇ ತ್ರೈಮಾಸಿಕದಲ್ಲಿ ಅದೇ ಕಂಪನಿಗೆ ಟಿವಿ ಮಾರಾಟದಿಂದ ಬಂದ ಲಾಭದ ಎರಡು ಪಟ್ಟಿಗೂ ಹೆಚ್ಚು ಜಾಹೀರಾತು ಮತ್ತು ಮಾಹಿತಿಯ ವಿಭಾಗದಿಂದ ಬಂದಿತ್ತು. ನಿಮಗೆ ಮಾರಿದ ಪೆಟ್ಟಿಗೆ ಅವರಿಗೆ ಬರೀ ಬಂಡವಾಳ.

ಎಸಿಆರ್ ಆಫ್ ಮಾಡಿ, ವೈಫೈ ಬಿಡಿಸಿ. ಅಪ್‌ಡೇಟ್ ಬೇಕೆನಿಸಿದಾಗ, ನಿಮ್ಮ ಮಾದರಿಯಲ್ಲಿ ಅವಕಾಶವಿದ್ದರೆ, ಪೆನ್‌ಡ್ರೈವ್‌ನಿಂದ ಹಾಕಿಕೊಳ್ಳಿ.

ಹಳೆಯ ಪೆನ್ನು:
ಎರಡನೇ ಪ್ರಶ್ನೆಗೆ ಉತ್ತರಿಸುವ ಹಕ್ಕು ನನಗಿದೆ. ಆರು ವರ್ಷ ಒಂದು ಪತ್ರಿಕೆಯ ತಂತ್ರಜ್ಞಾನ ಪುಟಕ್ಕೆ ಇಂಥ ವಿಮರ್ಶೆಗಳನ್ನೇ ಬರೆಯುತ್ತಿದ್ದೆ. ಕಂಪನಿ ಹತ್ತು ದಿನಕ್ಕೆ ಎರವಲು ಕೊಡುತ್ತದೆ, ಇಂಥ ದಿನ ಇಷ್ಟು ಗಂಟೆಗೆ ಮುನ್ನ ಪ್ರಕಟಿಸಬಾರದು ಎಂಬ ಕರಾರಿನೊಂದಿಗೆ. ಆ ಗಂಟೆಗೆ ಎಲ್ಲರೂ ಒಟ್ಟಿಗೆ ಪ್ರಕಟಿಸುತ್ತಾರೆ, ತಡವಾದವನನ್ನು ಓದುವವರಿಲ್ಲ. ಹನ್ನೊಂದನೆಯ ದಿನ ಪೆಟ್ಟಿಗೆ ವಾಪಸು. ಮೂರು ವರ್ಷದ ಮೇಲೆ ಅಪ್‌ಡೇಟ್ ಬಂದಾಗ ನೋಡೋಣವೆಂದರೆ ನನ್ನ ಬಳಿ ಟಿವಿಯೇ ಇಲ್ಲ!

ಯಾರೂ ನನಗೆ ಲಂಚ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಮುಂದಿನ ಎರವಲು ತಪ್ಪೀತು ಎಂಬ ಅಂಜಿಕೆಯೇ ಎಷ್ಟೋ ವಾಕ್ಯಗಳನ್ನು ಮೆದುಗೊಳಿಸುತ್ತಿತ್ತು. ಆ ಕೊಂಡಿಯ ಮೂಲಕ ನೀವು ಕೊಂಡಿದ್ದರೆ ಪತ್ರಿಕೆಗೂ ಸ್ವಲ್ಪ ಕಮಿಷನ್ ಸಿಕ್ಕಿರುತ್ತದೆ.

ಮೂರನೇ ಮಹಡಿ:
ಎಲ್ಲವನ್ನೂ ಪಿತೂರಿ ಎನ್ನಬೇಡಿ. ಅಪ್‌ಡೇಟ್ ನಿಲ್ಲಿಸಿದರೆ ಭದ್ರತೆಯ ತೂತುಗಳು ತೆರೆದೇ ಉಳಿಯುತ್ತವೆ. ಆ್ಯಪಲ್ ಅಪ್‌ಡೇಟ್ ಮೂಲಕ ಹಳೆಯ ಫೋನುಗಳ ವೇಗ ತಗ್ಗಿಸಿದ್ದು 2017ರಲ್ಲಿ ಬಯಲಾದಾಗ ಹೊಸದನ್ನು ಕೊಳ್ಳಿಸುವ ಹೂಟವೆಂದು ಎಲ್ಲೆಡೆ ಕೂಗೆದ್ದಿತು. ಆದರೆ ಸವೆದ ಬ್ಯಾಟರಿಯ ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲೆಂದು ವೇಗ ತಗ್ಗಿಸಿದ್ದರು; ಅದು ನಿಜವಾದ ತೊಂದರೆಯೇ ತಾನೇ?

ರಸೀದಿರಾಯ:
ತೊಂದರೆ ನಿಜ, ಒಪ್ಪಿದೆ. ಆದರೆ ಫ್ರಾನ್ಸ್ 2020ರಲ್ಲಿ ಅವರಿಗೆ ಎರಡೂವರೆ ಕೋಟಿ ಯೂರೊ ದಂಡ ಹಾಕಿದ್ದು ಅಪ್‌ಡೇಟಿನಿಂದ ಫೋನು ನಿಧಾನವಾಗಬಹುದೆಂದು ಗ್ರಾಹಕರಿಗೆ ತಿಳಿಸದಿದ್ದುದಕ್ಕೆ. ನನ್ನ ತಕರಾರೂ ಅಷ್ಟೇ. ಬೀಗ ರಿಪೇರಿ ಮಾಡುವವನು ಬರಲಿ, ಬಾಗಿಲು ತೆರೆಯುತ್ತೇನೆ. ಅವನ ಚೀಲದಲ್ಲಿ ಭಿತ್ತಿಪತ್ರವೂ ಗೋಂದೂ ಏಕಿರಬೇಕು? ಭದ್ರತೆಯನ್ನೂ ಜಾಹೀರಾತನ್ನೂ ಒಂದೇ ಗಂಟಿನಲ್ಲಿ ಕಟ್ಟಿದವರು ನಾವಲ್ಲವಲ್ಲ.

ಬೆಸುಗೆಯವರೇ, ಎಸಿಆರ್ ಐದನೇ ಮೆನುವಿನ ತಳದಲ್ಲಿ ಸಿಕ್ಕಿತು. ‘ಉತ್ತಮ ಅನುಭವ’ ಎಂದು ಹೆಸರಿಟ್ಟಿದ್ದರು. ಅದನ್ನು ಆಫ್ ಮಾಡಿ, ವೈಫೈ ಕೂಡ ಬಿಡಿಸಿದೆ. ಎಂಟು ವಿಮರ್ಶೆಗಳ ಕೆಳಗೂ ಈ ವಿಷಯ ಬರೆದೆ. ಎರಡು ಕಡೆ ಪ್ರಕಟವಾಗಿದೆ, ಉಳಿದ ಆರು ಕಡೆ ‘ಪರಿಶೀಲನೆಯಲ್ಲಿದೆ’.

ಹೊಸ ಜಾಹೀರಾತು ಬರುತ್ತಿಲ್ಲ. ಹಳೆಯದನ್ನು ತೆಗೆಯಲು ಮಾತ್ರ ಇಂಟರ್ನೆಟ್ ಬೇಕಂತೆ. ಆದ್ದರಿಂದ ಅದೇ ಕಾರು ಹನ್ನೆರಡು ದಿನದಿಂದ ಅಲ್ಲೇ ನಿಂತಿದೆ.