ಸಹಾಯ ಬೇಕು: ನೀರಾವರಿ ತೋಟದ ಶಾಖದ ಲೆಕ್ಕ ಕೂಡುತ್ತಿಲ್ಲ

ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಸುತ್ತ ಒಣ ಮಡ್ಡಿಯಿರುವ ಹನಿ ನೀರಾವರಿಯ ದಾಳಿಂಬೆ ತೋಟವೊಂದರಲ್ಲಿ ಎಡ್ಡಿ ಕೋವೇರಿಯನ್ಸ್ ಉಪಕರಣವಿಟ್ಟು (ಗಾಳಿಯ ಸುಳಿಗಳು ಹೊತ್ತೊಯ್ಯುವ ಶಾಖವನ್ನೂ ನೀರಾವಿಯನ್ನೂ ಅಳೆಯುವ ಸಾಧನ) ಅಳೆಯುತ್ತಿದ್ದೇನೆ. ನಿವ್ವಳ ವಿಕಿರಣವು (ನೆಲಕ್ಕೆ ಬಂದ ವಿಕಿರಣದಲ್ಲಿ ಹಿಂದಿರುಗಿದ್ದನ್ನು ಕಳೆದು ಉಳಿದದ್ದು) ಮಣ್ಣಿಗಿಳಿಯುವ ಶಾಖ, ಗಾಳಿಯನ್ನು ಕಾಯಿಸುವ ಶಾಖ ಹಾಗೂ ಆವಿಯಾಗಲು ತಗಲುವ ಗುಪ್ತೋಷ್ಣಗಳ ಮೊತ್ತಕ್ಕೆ ಹೆಚ್ಚುಕಡಿಮೆ ಸಮನಾಗಬೇಕು, ಆದರೆ ನನ್ನಲ್ಲಿ ಆ ಮೊತ್ತದಲ್ಲಿ ಶೇ. 25ರಷ್ಟು ಕೊರತೆ ಉಳಿಯುತ್ತಿದೆ. ಇಂಥ ಮಾಪನಗಳಲ್ಲಿ ಶೇ. 10ರಿಂದ 30ರ ಕೊರತೆ ಸಾಮಾನ್ಯವೆಂದು ಬಲ್ಲೆನಾದರೂ, ಮಧ್ಯಾಹ್ನ ಮಡ್ಡಿಯ ಕಡೆಯ ಬಿಸಿಗಾಳಿ ಬೀಸಿದೊಡನೆ ಗಾಳಿಯ ಶಾಖದ ಅಂಕಿ ಋಣವಾಗುವುದನ್ನು, ಅಂದರೆ ಗಿಡಗಳು ಬಿಸಿಲಿನ ಜೊತೆಗೆ ಗಾಳಿಯ ಬಿಸಿಯನ್ನೂ ಹೀರಿ ನೀರು ಬಿಡುವುದನ್ನು ಕಂಡ ಮೇಲೆ, ಆ ಕೊರತೆಯನ್ನು ಬೋವೆನ್ ಅನುಪಾತದಂತೆ (ಗಾಳಿಯ ಶಾಖಕ್ಕೂ ಗುಪ್ತೋಷ್ಣಕ್ಕೂ ಇರುವ ಅನುಪಾತ) ಹಂಚಲು ಮನಸ್ಸು ಒಪ್ಪುತ್ತಿಲ್ಲ. ಬಾವಿ ಬತ್ತುವ ಊರಿನಲ್ಲಿ ನೀರಿನ ಲೆಕ್ಕ ತಪ್ಪಬಾರದು. 8 ಸೆಂ.ಮೀ. ಆಳದಲ್ಲಿ ಮಣ್ಣಿಗಿಳಿಯುವ ಶಾಖ ಅಳೆಯುವ ಶಾಖಫಲಕ ಒಂದೇ ಇದೆ, ಅದೂ ಡ್ರಿಪ್ಪರಿನ ಒದ್ದೆಯಲ್ಲಿ. ಸಾಲುಗಳ ನಡುವಿನ ಮಣ್ಣು ಬಿರುಕು ಬಿಟ್ಟಿದೆ. ಒಣ ಜಾಗಕ್ಕೆ ಎಷ್ಟು ಫಲಕ ಹೂಳಬೇಕು, ಫಲಕದ ಮೇಲಿನ ಮಣ್ಣು ಹಿಡಿದಿಡುವ ಶಾಖವನ್ನು ಹೇಗೆ ಸೇರಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.